ಕ್ರೂಸ್ ಕಂಪನಿ ಮುಳುಗುತ್ತಾ? ಕೋವಿಡ್ ಕಾಲದ ಹಡಗು ಸುದ್ದಿಯನ್ನು ಲೆಕ್ಕ ಹಾಕಿ ಓದುವ ಬಗೆ

ದಾವಣಗೆರೆ, ಚಿತ್ರದುರ್ಗದವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೋ ಕಾರವಾರಕ್ಕೋ ಹೋಗಬೇಕು. ಆದರೂ ಪ್ರವಾಸಿ ಹಡಗು ಕಂಪನಿಗಳ ಹಣಕಾಸಿನ ಸುದ್ದಿ ಇಲ್ಲಿನ ಮೂರು ಬಗೆಯ ಜನರಿಗೆ ನೇರವಾಗಿ ತಟ್ಟುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಹಡಗಿನ ಅಡುಗೆಮನೆಗೋ ಹೌಸ್‌ಕೀಪಿಂಗ್‌ಗೋ ಹೊರಟ ಹುಡುಗರು ಒಂದು ಬಗೆ. ಮೊಬೈಲ್ ಆಪ್‌ನಲ್ಲಿ ಅಮೆರಿಕದ ಷೇರು ಕೊಳ್ಳುವವರು ಇನ್ನೊಂದು. ಮುಂಗಡ ಕಟ್ಟಿ ಮುಂಬೈಯಿಂದಲೋ ಸಿಂಗಪುರದಿಂದಲೋ ಹಡಗು ಹತ್ತಲು ಕಾದಿರುವ ಕುಟುಂಬಗಳು ಮೂರನೆಯದು. ಇವರಿಗೆಲ್ಲ ಸುದ್ದಿ ಮುಟ್ಟಿಸುವ ಪತ್ರಿಕೆ ಡೆಸ್ಕಿನವರನ್ನೂ ಸೇರಿಸಿದರೆ ನಾಲ್ಕು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕ್ವಾರಂಟೈನ್ ಆದ ಡೈಮಂಡ್ ಪ್ರಿನ್ಸೆಸ್ ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಪ್ರಯಾಣಿಕರು 6 ಜನ, ಉಳಿದ 132 ಮಂದಿ ಸಿಬ್ಬಂದಿ. ಹಾಗಾಗಿ ಈ ಸುದ್ದಿ ನಮಗೆ ಮುಟ್ಟುವುದು ಹೆಚ್ಚಾಗಿ ಸಂಬಳದ ದಾರಿಯಲ್ಲಿ.

2020ರಿಂದ 2022ರವರೆಗಿನ ಕ್ರೂಸ್ ಸುದ್ದಿ ಲೆಕ್ಕ ಕಲಿಯಲು ಹೇಳಿಮಾಡಿಸಿದ್ದು. ಆದಾಯ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು, ಖರ್ಚು ನಿಲ್ಲಲಿಲ್ಲ, ಸಾಲ ಬೆಟ್ಟದಷ್ಟಾಯಿತು, ಆದರೂ ಕಾರ್ನಿವಲ್, ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಎಂಬ ಮೂರು ದೊಡ್ಡ ಕಂಪನಿಗಳು ಉಳಿದುಕೊಂಡವು. ಚಿಕ್ಕವು ಕೆಲವು ಹೋದವು. ಯಾರು ಉಳಿಯುತ್ತಾರೆ ಎಂಬ ಸುಳಿವು ಆಗಲೇ ಕಾಗದದಲ್ಲಿತ್ತು. ತಲೆಬರಹದಲ್ಲಿ ಮಾತ್ರ ಇರಲಿಲ್ಲ.

ಮೊದಲು ಸೊನ್ನೆ ಸರಿಮಾಡಿಕೊಳ್ಳಿ

ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ. ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ರಾತ್ರಿ ಪುಟ ಕಟ್ಟುವ ಗಡಿಬಿಡಿಯಲ್ಲಿ ತಪ್ಪುವುದು ಇಲ್ಲೇ. 650 ಮಿಲಿಯನ್ ಡಾಲರ್ ಅಂದರೆ 65 ಕೋಟಿ ಡಾಲರ್. ಅದು '650 ಕೋಟಿ' ಆಗಿ ಅಚ್ಚಾದರೆ ಹತ್ತು ಪಟ್ಟು ತಪ್ಪು. ರೂಪಾಯಿಗೆ ತರುವಾಗ ಆ ಕಾಲದ ದರವನ್ನೇ ಹಿಡಿಯಿರಿ. 2020ರಲ್ಲಿ ಡಾಲರಿಗೆ 75 ರೂಪಾಯಿ ಆಸುಪಾಸು ಇತ್ತು, ಅಂದರೆ ಒಂದು ಬಿಲಿಯನ್ ಡಾಲರಿಗೆ ಸುಮಾರು 7,500 ಕೋಟಿ ರೂಪಾಯಿ. ಹಳೆಯ ಅಂಕಿಯನ್ನು ಇಂದಿನ ದರದಲ್ಲಿ ಗುಣಿಸಿದರೆ ನಷ್ಟ ಸುಮ್ಮನೆ ಊದಿಕೊಳ್ಳುತ್ತದೆ. ಈ ಲೇಖನದಲ್ಲಿ ಎಲ್ಲವೂ ಕೋಟಿ ಡಾಲರ್‌ನಲ್ಲೇ ಇದೆ.

ಮೂಲ ಲೆಕ್ಕಪತ್ರದಲ್ಲಿ ಇನ್ನೊಂದು ಗುಂಡಿ ಇದೆ. ಕಾರ್ನಿವಲ್ ತನ್ನ ಕೋಷ್ಟಕಗಳನ್ನು ಮಿಲಿಯನ್‌ಗಳಲ್ಲಿ ಕೊಡುತ್ತದೆ, ನಾರ್ವೇಜಿಯನ್ ಸಾವಿರಗಳಲ್ಲಿ. ಕೋಷ್ಟಕದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದದೆ ಕೆಳಗಿಳಿಯಬೇಡಿ. ಕಂಸದೊಳಗಿನ ಅಂಕಿ ಎಂದರೆ ಮೈನಸ್.

ಯಾವ ಕಂಪನಿ, ಯಾವ ವರ್ಷ

ಹಡಗಿನ ಹೆಸರು, ಬ್ರ್ಯಾಂಡ್ ಹೆಸರು, ಒಡೆಯ ಕಂಪನಿಯ ಹೆಸರು ಬೇರೆಬೇರೆ. ಡೈಮಂಡ್ ಪ್ರಿನ್ಸೆಸ್ ಹಡಗು. ಪ್ರಿನ್ಸೆಸ್ ಕ್ರೂಸಸ್ ಬ್ರ್ಯಾಂಡ್. ಒಡೆಯ ಕಾರ್ನಿವಲ್ ಕಾರ್ಪೊರೇಷನ್. ಕೋಸ್ಟಾ, ಐಡಾ, ಹಾಲೆಂಡ್ ಅಮೆರಿಕ, ಕ್ಯುನಾರ್ಡ್, ಪಿ ಅಂಡ್ ಒ ಎಲ್ಲ ಇದೇ ಮನೆಯವು. ಗೊಂದಲ ಹೆಚ್ಚಿಸಲೆಂದೇ ಎಂಬಂತೆ 'ಕಾರ್ನಿವಲ್' ಎಂಬುದು ಒಂದು ಬ್ರ್ಯಾಂಡ್ ಕೂಡ. ಷೇರು ಇರುವುದು, ಸಾಲ ಇರುವುದು ಒಡೆಯ ಕಂಪನಿಯ ಮೇಲೆ. ಹಾಗಾಗಿ ಲೆಕ್ಕ ಯಾವಾಗಲೂ ಅಲ್ಲಿಂದ ಶುರುವಾಗಬೇಕು.

ಕಾರ್ನಿವಲ್‌ನ ಲೆಕ್ಕದ ವರ್ಷ ನವೆಂಬರ್ 30ಕ್ಕೆ ಮುಗಿಯುತ್ತದೆ. ರಾಯಲ್ ಕೆರಿಬಿಯನ್, ನಾರ್ವೇಜಿಯನ್ ಡಿಸೆಂಬರ್ 31ಕ್ಕೆ. ನಮ್ಮದು ಮಾರ್ಚ್ 31. '2020ರ ನಷ್ಟ' ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಜೋಡಿಸುವಾಗ ಒಂದು ತಿಂಗಳ ಓರೆ ಇದೆ ಎಂಬ ನೆನಪಿರಲಿ. ಕಾರ್ನಿವಲ್ ಆ ವರ್ಷ ಸುಮಾರು 1,020 ಕೋಟಿ ಡಾಲರ್ ಕಳೆದುಕೊಂಡಿತು, ರಾಯಲ್ ಕೆರಿಬಿಯನ್ 580 ಕೋಟಿ, ನಾರ್ವೇಜಿಯನ್ 400 ಕೋಟಿ.

ಕಂಪನಿ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದನ್ನೂ ಇಲ್ಲೇ ಬರೆದಿಟ್ಟುಕೊಳ್ಳಿ. 2020ರಲ್ಲಿ ಕಾರ್ನಿವಲ್ ಪನಾಮಾದ್ದಾಗಿತ್ತು, ರಾಯಲ್ ಕೆರಿಬಿಯನ್ ಲೈಬೀರಿಯಾದ್ದು, ನಾರ್ವೇಜಿಯನ್ ಬರ್ಮುಡಾದ್ದು. ಕಚೇರಿ ಮಾತ್ರ ಮಯಾಮಿಯಲ್ಲಿ. 2020ರ ಮಾರ್ಚ್ 27ರ ಅಮೆರಿಕದ ಪರಿಹಾರ ಕಾಯ್ದೆಯ ದೊಡ್ಡ ಸಾಲದ ಹಣ ಅಮೆರಿಕದಲ್ಲಿ ಸ್ಥಾಪನೆಯಾದ ಕಂಪನಿಗಳಿಗಷ್ಟೇ ಎಂದಿದ್ದರಿಂದ ಇವು ಹೊರಗುಳಿದವು. ತೆರಿಗೆ ಉಳಿಸಲು ಹಾಕಿದ ಬೇಲಿಯೇ ಕಷ್ಟಕಾಲದಲ್ಲಿ ಇವನ್ನು ಹೊರಗಿಟ್ಟಿತು. ವಿಮಾನ ಕಂಪನಿಗಳಿಗೆ ಸಿಕ್ಕ ನೆರವು ಇವಕ್ಕೆ ಏಕೆ ಸಿಗಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಇದು.

ನಷ್ಟ ಬಿಡಿ, ರೊಕ್ಕ ನೋಡಿ

ನಷ್ಟದ ಅಂಕಿ ತಲೆಬರಹಕ್ಕೆ ಚೆಂದ. ಕಂಪನಿ ಉಳಿಯುತ್ತದೋ ಇಲ್ಲವೋ ಎಂದು ಹೇಳಲು ಅದು ಅಷ್ಟು ಪ್ರಯೋಜನಕ್ಕೆ ಬಾರದು. ಕಾರ್ನಿವಲ್ 2020ರ ಮಾರ್ಚ್‌ನಿಂದ ಮೇವರೆಗಿನ ತ್ರೈಮಾಸಿಕದಲ್ಲಿ 440 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ಸುಮಾರು 200 ಕೋಟಿ ಇಂಪೇರ್‌ಮೆಂಟ್. ಅಂದರೆ ಆಸ್ತಿಯ ಬೆಲೆ ಇಳಿದಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡದ್ದು. ಆ ತ್ರೈಮಾಸಿಕದಲ್ಲಿ ಆ ಹಣ ಯಾರ ಕೈಗೂ ಹೋಗಲಿಲ್ಲ.

ಕೈಯಿಂದ ನಿಜವಾಗಿ ಹೋಗುವುದು ಬೇರೆ. ಲಾಕ್‌ಡೌನ್‌ನಲ್ಲಿ ಮೆಕ್ಕೆಜೋಳದ ಲೋಡ್ ಇಲ್ಲದೆ ಪಿ.ಬಿ. ರಸ್ತೆಯ ಬದಿಯಲ್ಲಿ ನಿಂತ ಲಾರಿಯ ಲೆಕ್ಕ ಹಾಕಿ ನೋಡಿ. ಡೀಸೆಲ್ ಉಳಿಯಿತು ಸರಿ. ಕಂತು, ಇನ್ಶೂರೆನ್ಸ್, ಡ್ರೈವರಿಗೆ ಕೊಡುವ ಅಷ್ಟಿಷ್ಟು ಉಳಿಯಲಿಲ್ಲ. ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಬಿಟ್ಟಿತು, ಬಡ್ಡಿ ಮಾತ್ರ ಏರುತ್ತಲೇ ಹೋಯಿತು. ಹಡಗಿನ ಕಥೆ ಇದೇ ಜಾಡಿನದು. ಯುರೋಪಿನ ಹಡಗುಕಟ್ಟೆಗಳಲ್ಲಿ ಹಡಗು ಕಟ್ಟಿಸಲು ಕೊಟ್ಟ ಸಾಲಗಳಿಗೆ ಅಲ್ಲಿನ ರಫ್ತು ಸಾಲ ಸಂಸ್ಥೆಗಳು 2020ರಲ್ಲಿ ಒಂದು ವರ್ಷದ ಅಸಲಿನ ಕಂತು ಮುಂದೂಡಲು ಒಪ್ಪಿದವು. ಬಡ್ಡಿ ಕಟ್ಟಲೇಬೇಕಿತ್ತು.

ಜೊತೆಗೆ ಲಾರಿಯನ್ನು ಬೀಗ ಹಾಕಿ ಬಿಡಬಹುದು, ಹಡಗನ್ನು ಹಾಗೆ ಬಿಡಲಾಗದು. ಹಡಗನ್ನು ನಿಲ್ಲಿಸಿಡುವ ಬಗೆ ಎರಡು. ವಾರ್ಮ್ ಲೇ-ಅಪ್ ಎಂದರೆ ಜನರೇಟರ್ ಓಡುತ್ತಿರುತ್ತದೆ, ಎಸಿ, ನೀರಿನ ಪೈಪು, ಅಗ್ನಿಶಾಮಕ ವ್ಯವಸ್ಥೆ ಎಲ್ಲ ಜೀವಂತ, ಸುರಕ್ಷತೆಗೆ ಬೇಕಾದಷ್ಟು ಸಿಬ್ಬಂದಿ ಒಳಗೇ. ಕೆಲವೇ ದಿನಗಳಲ್ಲಿ ಮತ್ತೆ ಹೊರಡಿಸಬಹುದು. ಕೋಲ್ಡ್ ಲೇ-ಅಪ್‌ನಲ್ಲಿ ಬಹುತೇಕ ಎಲ್ಲ ಆರಿಸಿ, ಬೆರಳೆಣಿಕೆಯ ಜನರನ್ನಿಟ್ಟು ಕಟ್ಟಿಹಾಕುವುದು. ಖರ್ಚು ಕಡಿಮೆ, ಆದರೆ ಒಳಗಿನ ತೇವಕ್ಕೆ ಕಾರ್ಪೆಟ್, ಮರ, ವೈರಿಂಗ್ ಹಾಳಾಗಿ, ಮತ್ತೆ ಎಬ್ಬಿಸಲು ತಿಂಗಳುಗಟ್ಟಲೆ ಕೆಲಸ. 'ಹಡಗು ಲಂಗರು ಹಾಕಿದೆ' ಎಂಬ ಸುದ್ದಿ ಕಂಡರೆ ಎರಡರಲ್ಲಿ ಯಾವುದು ಎಂದು ಹುಡುಕಿ. ಕಂಪನಿ ಕೋಲ್ಡ್‌ಗೆ ಹೋದರೆ ವ್ಯಾಪಾರ ಸದ್ಯಕ್ಕೆ ಬರದು ಎಂದು ಅದಕ್ಕೇ ಅನ್ನಿಸಿದೆ ಎಂದರ್ಥ.

ಈಗ ಲೆಕ್ಕ. ಬೇಕಿರುವುದು ನಾಲ್ಕು ಅಂಕಿ: ಕೈಗೆ ಸಿಗುವ ಹಣ, ತಿಂಗಳಿಗೆ ಕರಗುವ ಹಣ, ಗ್ರಾಹಕರ ಮುಂಗಡ, ತೀರಿಸಬೇಕಾದ ಸಾಲದ ಅಸಲು. ನಾಲ್ಕೂ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ತ್ರೈಮಾಸಿಕಕ್ಕೆ 10-ಕ್ಯೂ, ವರ್ಷಕ್ಕೆ 10-ಕೆ, ನಡುವಿನ ತುರ್ತು ಪ್ರಕಟಣೆಗೆ 8-ಕೆ. ಕಂಪನಿ ಹುಡುಕಲು ಸಿಸಿಎಲ್, ಆರ್‌ಸಿಎಲ್, ಎನ್‌ಸಿಎಲ್‌ಎಚ್ ಎಂಬ ಷೇರು ಸಂಕೇತ ಸಾಕು. ಕಡತ ನೂರಾರು ಪುಟ ಇರುತ್ತದೆ, ಪೂರ್ತಿ ಓದುವ ಹಟ ಬೇಡ. ಬ್ರೌಸರ್‌ನ 'ಪುಟದಲ್ಲಿ ಹುಡುಕು' ಒತ್ತಿ 'ಲಿಕ್ವಿಡಿಟಿ' (ಕೈಗೆ ಸಿಗುವ ಹಣ), 'ಕಸ್ಟಮರ್ ಡೆಪಾಸಿಟ್ಸ್' (ಗ್ರಾಹಕರ ಮುಂಗಡ), 'ಮೆಚ್ಯೂರಿಟೀಸ್' (ಯಾವ ಸಾಲ ಯಾವಾಗ ತೀರಿಸಬೇಕು) ಎಂಬ ಪದಗಳ ಇಂಗ್ಲಿಷ್ ರೂಪ ಹಾಕಿ.

ಕಾರ್ನಿವಲ್ ಉದಾಹರಣೆ. 2020ರ ಮೇ 31ಕ್ಕೆ ಕೈಗೆ ಸಿಗುವ ಹಣ 760 ಕೋಟಿ ಡಾಲರ್. ವರ್ಷದ ಉತ್ತರಾರ್ಧದಲ್ಲಿ ತಿಂಗಳಿಗೆ ಸರಾಸರಿ 65 ಕೋಟಿ ಕರಗುತ್ತದೆ ಎಂದು ಕಂಪನಿಯೇ ಹೇಳಿತ್ತು. ಇದೇ ಕ್ಯಾಶ್ ಬರ್ನ್. 760ನ್ನು 65ರಿಂದ ಭಾಗಿಸಿದರೆ 11.7 ತಿಂಗಳು. ಇಲ್ಲಿಗೇ ನಿಂತರೆ 'ಇನ್ನೊಂದು ವರ್ಷ ಚಿಂತೆಯಿಲ್ಲ' ಎನ್ನಿಸುತ್ತದೆ.

ಆದರೆ ಆ 65 ಕೋಟಿಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದು ಅದರ ಬೆನ್ನಿಗೇ ಇರುವ ವಾಕ್ಯದಲ್ಲಿದೆ. ಹಡಗು ನಡೆಸುವ ಖರ್ಚು, ಆಡಳಿತ, ಬಡ್ಡಿ, ಒಪ್ಪಿಕೊಂಡ ಬಂಡವಾಳ ವೆಚ್ಚ ಸೇರಿವೆ. ತೀರಿಸಬೇಕಾದ ಸಾಲದ ಅಸಲು ಸೇರಿಲ್ಲ. ಗ್ರಾಹಕರ ಮುಂಗಡದ ಏರಿಳಿತವೂ ಸೇರಿಲ್ಲ. ಅಂದು ಕಾರ್ನಿವಲ್ ಬಳಿಯಿದ್ದ ಗ್ರಾಹಕರ ಮುಂಗಡ 290 ಕೋಟಿ ಡಾಲರ್. ಯಾನ ರದ್ದಾದವರಲ್ಲಿ ಸುಮಾರು ಅರ್ಧ ಜನ ನಗದು ವಾಪಸು ಕೇಳುತ್ತಿದ್ದ ಕಾಲ ಅದು. 290ರ ಅರ್ಧ 145 ಕಳೆಯಿರಿ: ಉಳಿದದ್ದು 615. ಭಾಗಿಸಿದರೆ 9.5 ತಿಂಗಳು. ಒಂದೇ ತಿದ್ದುಪಡಿಗೆ ಎರಡು ತಿಂಗಳು ಮಾಯ. ಇದಾದ ಮೇಲೆ ಆ ಅವಧಿಯೊಳಗೆ ತೀರಿಸಬೇಕಾದ ಅಸಲನ್ನು ಮೆಚ್ಯೂರಿಟಿ ಕೋಷ್ಟಕದಿಂದ ತೆಗೆದು ಕಳೆಯಿರಿ. ಉಳಿಯುವ ತಿಂಗಳುಗಳೇ ನಿಜವಾದ ಆಯುಸ್ಸು.

ನಾರ್ವೇಜಿಯನ್ ಕೂಡ 2020ರ ಮೇನಲ್ಲಿ ತಿಂಗಳಿಗೆ 11ರಿಂದ 15 ಕೋಟಿ ಡಾಲರ್ ಎಂದು ಅಂದಾಜು ಕೊಟ್ಟಾಗ ಗ್ರಾಹಕರಿಗೆ ಮರಳಿಸುವ ನಗದನ್ನು ಹೊರಗಿಟ್ಟಿತ್ತು. ಹಾಗಾಗಿ ಒಂದು ಕಂಪನಿಯ ಬರ್ನ್ ಇನ್ನೊಂದರದ್ದಕ್ಕಿಂತ ಕಡಿಮೆ ಎಂದು ಹೋಲಿಸುವ ಮುನ್ನ ಎರಡರ ವ್ಯಾಖ್ಯೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಮುಂಗಡದ ವಿಷಯದಲ್ಲಿ ಇನ್ನೆರಡು ಮಾತು. ಕ್ರೂಸ್ ವ್ಯಾಪಾರ ನಡೆಯುವುದೇ ಜನ ತಿಂಗಳುಗಳ ಮೊದಲು ಕಟ್ಟುವ ಹಣದ ಮೇಲೆ. ಹಡಗು ಓಡುತ್ತಿದ್ದಾಗ ಅದು ಬಡ್ಡಿಯಿಲ್ಲದ ಸಾಲ, ನಿಂತ ದಿನ ಅದೇ ಹಣ ತಿರುಗಿ ಹೊಡೆಯುತ್ತದೆ. ಅದಕ್ಕೇ ಕಂಪನಿಗಳು 100 ರೂಪಾಯಿ ವಾಪಸು ಕೇಳುವ ಬದಲು 125 ರೂಪಾಯಿಯ ಮುಂದಿನ ಯಾನದ ಕೂಪನ್ ತೆಗೆದುಕೊಳ್ಳಿ ಎಂದು ಪುಸಲಾಯಿಸಿದವು. ಇನ್ನು ಕಾರ್ಡ್ ಪಾವತಿ ನಡೆಸುವ ಕಂಪನಿಗಳು, ನಾಳೆ ರೀಫಂಡ್ ತಮ್ಮ ತಲೆಗೆ ಬಂದೀತೆಂದು, ಗ್ರಾಹಕರು ಕಟ್ಟಿದ ಹಣದಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳಬಹುದು. ಆಗ ಬುಕಿಂಗ್ ಬಂದರೂ ರೊಕ್ಕ ಬರುವುದಿಲ್ಲ. 'ರಿಸರ್ವ್' ಮತ್ತು 'ಕ್ರೆಡಿಟ್ ಕಾರ್ಡ್ ಪ್ರೊಸೆಸರ್' ಎಂಬ ಪದಗಳನ್ನೂ ಕಡತದಲ್ಲಿ ಹುಡುಕಿ.

ಸಾಲ ಎಷ್ಟು ಎಂಬುದಕ್ಕಿಂತ ಬಡ್ಡಿ ಎಷ್ಟು

ಕಂಪನಿಯ ಬಗ್ಗೆ ಹೆಚ್ಚು ತಿಳಿದವರು ಸಾಲ ಕೊಡುವವರು. ಅವರ ಅಭಿಪ್ರಾಯ ಬಡ್ಡಿ ದರದಲ್ಲಿ ಬರೆದಿರುತ್ತದೆ. 2020ರ ಏಪ್ರಿಲ್‌ನಲ್ಲಿ ಕಾರ್ನಿವಲ್ ಹಡಗುಗಳನ್ನೇ ಅಡಮಾನವಿಟ್ಟು 400 ಕೋಟಿ ಡಾಲರ್ ಬಾಂಡ್ ಎತ್ತಿತು. ಬಡ್ಡಿ ಶೇ 11.5. ಅಂದರೆ ಈ ಒಂದೇ ಸಾಲಕ್ಕೆ ವರ್ಷಕ್ಕೆ 46 ಕೋಟಿ ಡಾಲರ್ ಬಡ್ಡಿ. ಅದೇ ಹೊತ್ತಿಗೆ ಒಂದು ಷೇರಿಗೆ 8 ಡಾಲರ್‌ನಂತೆ ಹೊಸ ಷೇರು ಮಾರಿತು. ವರ್ಷದ ಆರಂಭದಲ್ಲಿ ಅದರ ಬೆಲೆ 50 ಡಾಲರ್ ಇತ್ತು. ಮೇ ತಿಂಗಳಲ್ಲಿ ರಾಯಲ್ ಕೆರಿಬಿಯನ್ 28 ಹಡಗುಗಳನ್ನು ಅಡವಿಟ್ಟು 332 ಕೋಟಿ ಡಾಲರ್ ತಂದಿತು, ಬಡ್ಡಿ ಶೇ 10.875 ಮತ್ತು ಶೇ 11.5.

2021ರ ಫೆಬ್ರುವರಿಗೆ ಬನ್ನಿ. ಕಾರ್ನಿವಲ್‌ನ ಬಹುಪಾಲು ಹಡಗು ಇನ್ನೂ ನಿಂತೇ ಇದೆ, ಸುದ್ದಿಯಲ್ಲಿ ಇನ್ನೂ ನಷ್ಟವೇ. ಆದರೆ ಅದು ಏನನ್ನೂ ಅಡವಿಡದೆ 350 ಕೋಟಿ ಡಾಲರ್ ಸಾಲ ಪಡೆಯಿತು, ಶೇ 5.75ಕ್ಕೆ. ದರ ಅರ್ಧವಾಯಿತು, ಅಡಮಾನವೂ ಬೇಡವಾಯಿತು. ಕಂಪನಿ ಸಾಯುವುದಿಲ್ಲ ಎಂದು ಮಾರುಕಟ್ಟೆ ತೀರ್ಮಾನಿಸಿದ್ದು ಅಲ್ಲೇ. ಪ್ರಯಾಣಿಕರು ಮರಳಿ ಬಂದ ಮೇಲೆ, 2022ರ ಅಕ್ಟೋಬರ್‌ನಲ್ಲಿ, ಅದೇ ಕಂಪನಿ 12 ಹಡಗುಗಳನ್ನು ತನ್ನ ಒಂದು ಅಂಗಸಂಸ್ಥೆಗೆ ವರ್ಗಾಯಿಸಿ, ಅದರ ಹೆಸರಿನಲ್ಲಿ ಶೇ 10.375ಕ್ಕೆ ಸಾಲ ಮಾಡಿತು. ಜನ 'ಕ್ರೂಸ್ ಚೇತರಿಕೆ' ಎಂದು ಓದುತ್ತಿದ್ದಾಗ ಸಾಲದ ಪೇಟೆ ಇನ್ನೊಂದು ಹೇಳುತ್ತಿತ್ತು. ಕಾರ್ನಿವಲ್ 2019ರಲ್ಲಿ ಬಡ್ಡಿಗೆ ಕೊಟ್ಟದ್ದು ಸುಮಾರು 21 ಕೋಟಿ ಡಾಲರ್; 2021ರಲ್ಲಿ 160 ಕೋಟಿ. ಅದರ ಸಾಲ 2023ರ ಆರಂಭದಲ್ಲಿ 3,500 ಕೋಟಿ ಡಾಲರ್ ದಾಟಿತು.

ಹಾಗಾಗಿ ಬಾಂಡ್ ಸುದ್ದಿ ಕಂಡಾಗ ನಾಲ್ಕೇ ಪ್ರಶ್ನೆ: ಎಷ್ಟು, ಎಷ್ಟಕ್ಕೆ, ಏನು ಅಡವಿಟ್ಟು, ಯಾವಾಗ ತೀರಿಸಬೇಕು. ಹೀಗೆ ಸಾಲ ಎತ್ತಲಾಗದ ಚಿಕ್ಕ ಕಂಪನಿಗಳು ಮೊದಲು ಹೋದವು. ಸ್ಪೇನಿನ ಪುಲ್‌ಮಂತೂರ್ 2020ರ ಜೂನ್‌ನಲ್ಲಿ, ಬ್ರಿಟನ್ನಿನ ಕ್ರೂಸ್ ಅಂಡ್ ಮಾರಿಟೈಮ್ ವಾಯೇಜಸ್ ಜುಲೈನಲ್ಲಿ ಕೈಚೆಲ್ಲಿದವು. ಹಾಂಗ್‌ಕಾಂಗಿನ ಗೆಂಟಿಂಗ್ 2020ರ ಆಗಸ್ಟ್‌ನಲ್ಲಿ ಸಾಲ ಕೊಟ್ಟವರಿಗೆ ಪಾವತಿ ನಿಲ್ಲಿಸಿ, 2022ರ ಜನವರಿವರೆಗೆ ಕುಂಟಿತು.

'ದಿವಾಳಿ' ಎಂದು ಬರೆಯುವ ಮುನ್ನ

2020ರ ಮೇ 5ರಂದು ನಾರ್ವೇಜಿಯನ್ ತನ್ನ ಕಡತದಲ್ಲಿ ಮುಂದೆಯೂ ನಡೆದುಕೊಂಡು ಹೋಗುವ ಶಕ್ತಿಯ ಬಗ್ಗೆ 'ಸಬ್‌ಸ್ಟಾನ್ಷಿಯಲ್ ಡೌಟ್' (ಗಣನೀಯ ಅನುಮಾನ) ಇದೆ ಎಂದು ಬರೆಯಿತು. ಲೋಕದೆಲ್ಲೆಡೆ ದಿವಾಳಿಯ ತಲೆಬರಹ. ಮರುದಿನವೇ 200 ಕೋಟಿ ಡಾಲರ್‌ಗೂ ಮೀರಿ ಹಣ ಎತ್ತಿ, ನಮ್ಮಲ್ಲಿ ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಆಗುವಷ್ಟಿದೆ ಎಂದಿತು. ಆ ವಾಕ್ಯ ಲೆಕ್ಕಪತ್ರದ ನಿಯಮದಂತೆ ಬರೆಯಬೇಕಾದ ಎಚ್ಚರಿಕೆ: ಮುಂದಿನ ಒಂದು ವರ್ಷ ಬಾಕಿ ತೀರಿಸಲು ಹಣ ಸಾಲುತ್ತದೆ ಎಂದು ಇಂದಿನ ಕಾಗದದ ಮೇಲೆ ತೋರಿಸಲಾಗುತ್ತಿಲ್ಲ ಎಂದಷ್ಟೇ ಅರ್ಥ. ಹಣ ಬೇಕಿದ್ದವರು ಹೂಡಿಕೆದಾರರ ಮುಂದೆ ಇರುವ ಅಪಾಯವನ್ನೆಲ್ಲ ಹರವಿಡಲೇಬೇಕು. ದಿವಾಳಿ ಎಂದರೆ ನ್ಯಾಯಾಲಯಕ್ಕೆ ಅರ್ಜಿ ಬಿದ್ದಿರಬೇಕು. ಅರ್ಜಿ ಇಲ್ಲವೆಂದರೆ ಆ ಪದ ಬೇಡ.

ಬುಕಿಂಗ್ ಸುದ್ದಿಗೆ ಇದರ ತದ್ವಿರುದ್ಧ ಕಾಯಿಲೆ. 2020ರ ಮೇನಲ್ಲಿ ಕಾರ್ನಿವಲ್ ಆಗಸ್ಟ್ 1ರಿಂದ ಕೆಲವು ಹಡಗು ಬಿಡುತ್ತೇವೆ ಎಂದಾಗ ಅಮೆರಿಕದ ಒಂದು ಟ್ರಾವೆಲ್ ಏಜೆನ್ಸಿಯ ಬುಕಿಂಗ್ ಶೇ 600 ಏರಿತು ಎಂದು ಸುದ್ದಿಯಾಯಿತು. ಹೋಲಿಸಿದ್ದು ಹಿಂದಿನ ಮೂರು ದಿನಗಳ ಜೊತೆ. ಎಲ್ಲ ನಿಂತಿದ್ದ ದಿನಗಳಲ್ಲಿ 10 ಟಿಕೆಟ್ ಹೋಗುತ್ತಿದ್ದ ಕಡೆ 70 ಹೋದರೂ ಶೇ 600 ಏರಿಕೆಯೇ. ಆ ಆಗಸ್ಟ್‌ನಲ್ಲಿ ಅಮೆರಿಕದಿಂದ ಆ ಹಡಗು ಹೊರಡಲೇ ಇಲ್ಲ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಮಾರ್ಚ್ 14ರಂದು ಹೊರಡಿಸಿದ ಯಾನ ನಿಷೇಧವನ್ನು ಏಪ್ರಿಲ್, ಜುಲೈ, ಸೆಪ್ಟೆಂಬರ್‌ನಲ್ಲಿ ವಿಸ್ತರಿಸುತ್ತ ಹೋಗಿ, ಅಕ್ಟೋಬರ್ 30ರಂದು ಷರತ್ತುಗಳ ಪಟ್ಟಿಯಾಗಿ ಬದಲಿಸಿತು. ಬುಕಿಂಗ್ ಸುದ್ದಿಯಲ್ಲಿ ಮೂರು ವಿಷಯ ಹುಡುಕಿ: ಯಾವ ಅವಧಿಗೆ ಹೋಲಿಸಿದ್ದಾರೆ, ಹೊಸ ಹಣ ಎಷ್ಟು, ಹಳೆಯ ಕೂಪನ್ ಎಷ್ಟು. ಕೂಪನ್‌ನಿಂದ ಆದ ಬುಕಿಂಗ್‌ನಲ್ಲಿ ಪೆಟ್ಟಿಗೆಗೆ ಒಂದು ಪೈಸೆಯೂ ಬಿದ್ದಿರುವುದಿಲ್ಲ.

ಹಡಗು ಒಡೆಯುವ ಚಿತ್ರಗಳನ್ನೂ ಅಳೆದು ನೋಡಿ. 2020ರಲ್ಲಿ ಟರ್ಕಿಯ ಅಲಿಯಾಗಾ ದಡದಲ್ಲಿ ಸಾಲಾಗಿ ನಿಂತ ಹಡಗುಗಳ ಚಿತ್ರ ವಾಟ್ಸ್‌ಆಪ್‌ನಲ್ಲಿ 'ಉದ್ಯಮದ ಅಂತ್ಯ' ಎಂದು ಓಡಾಡಿತು. ಅಲ್ಲಿದ್ದ ಕಾರ್ನಿವಲ್ ಫ್ಯಾಂಟಸಿಯಂಥವು ಮೂವತ್ತು ವರ್ಷ ಹಳೆಯವು, ಇಂದಲ್ಲ ನಾಳೆ ಹೋಗಬೇಕಾದವು. ನಮ್ಮ ಜಲೇಶ್ ಕ್ರೂಸಸ್ ಕಥೆ ಹಾಗಲ್ಲ. 2019ರಲ್ಲಿ ಮುಂಬೈಯಿಂದ ಶುರುವಾದ ಅದಕ್ಕಿದ್ದದ್ದು ಕರ್ಣಿಕಾ ಎಂಬ ಒಂದೇ ಹಡಗು. ಅದು ಹರಾಜಾಗಿ 2020ರ ನವೆಂಬರ್‌ನಲ್ಲಿ ಗುಜರಾತಿನ ಅಲಂಗ್ ಸೇರಿದಾಗ ಕಂಪನಿಯೇ ಮುಗಿಯಿತು.

ಡೆಸ್ಕಿನವರಿಗೆ: ಒಂದು ಪ್ಯಾರಾ ತಿದ್ದೋಣ

ಅಮೆರಿಕದ ಫಲಿತಾಂಶ ಅಲ್ಲಿ ಬೆಳಗ್ಗೆ ಬಂದರೆ ಇಲ್ಲಿ ಸಂಜೆ. ಜಿಲ್ಲಾ ಆವೃತ್ತಿ ಅಚ್ಚಿಗೆ ಹೋಗಲು ಎರಡು-ಮೂರು ಗಂಟೆ ಉಳಿದಿರುತ್ತದೆ. ಆತುರದಲ್ಲಿ ಹುಟ್ಟುವ ಮಾದರಿ ಇದು:

'ಖ್ಯಾತ ಕ್ರೂಸ್ ಸಂಸ್ಥೆ ಕಾರ್ನಿವಲ್ ಕೊರೊನಾ ಹೊಡೆತಕ್ಕೆ ತತ್ತರಿಸಿದ್ದು, 4.4 ಬಿಲಿಯನ್ ನಷ್ಟ ಅನುಭವಿಸಿ ದಿವಾಳಿಯಂಚಿಗೆ ತಲುಪಿದೆ.'

ಕರೆನ್ಸಿ ಇಲ್ಲ, ಅವಧಿ ಇಲ್ಲ, ದಿವಾಳಿಗೆ ಆಧಾರ ಇಲ್ಲ, ನಷ್ಟದಲ್ಲಿ ನಗದು ಎಷ್ಟೆಂದಿಲ್ಲ. ತಿದ್ದಿದರೆ:

'ಕಾರ್ನಿವಲ್ ಕಾರ್ಪೊರೇಷನ್ ಮೇ 31ಕ್ಕೆ ಮುಗಿದ ತ್ರೈಮಾಸಿಕದಲ್ಲಿ 440 ಕೋಟಿ ಡಾಲರ್ (ಸುಮಾರು 33,000 ಕೋಟಿ ರೂಪಾಯಿ) ನಷ್ಟ ತೋರಿಸಿದೆ. ಇದರಲ್ಲಿ ಸುಮಾರು 200 ಕೋಟಿ ಡಾಲರ್ ಆಸ್ತಿ ಮೌಲ್ಯದ ಇಳಿಕೆ. ಕಂಪನಿಯ ಬಳಿ 760 ಕೋಟಿ ಡಾಲರ್ ಇದ್ದು, ತಿಂಗಳಿಗೆ ಸರಾಸರಿ 65 ಕೋಟಿ ಖರ್ಚಾಗಲಿದೆ ಎಂದು ಅದು ಅಂದಾಜಿಸಿದೆ. ಸಾಲದ ಅಸಲು ಮತ್ತು ಗ್ರಾಹಕರಿಗೆ ಮರಳಿಸುವ ಮುಂಗಡ ಈ ಅಂದಾಜಿನಲ್ಲಿ ಸೇರಿಲ್ಲ.'

ನಾಲ್ಕು ವಾಕ್ಯ. 'ತತ್ತರ' ಹೋಯಿತು, ಓದುಗನಿಗೆ ಲೆಕ್ಕ ಸಿಕ್ಕಿತು. ಜಾಗ ಇದ್ದರೆ ಬಡ್ಡಿ ದರ ಸೇರಿಸಿ. ಮುಖ್ಯ ಕಾರ್ಯನಿರ್ವಾಹಕರ ಭರವಸೆಯ ಮಾತನ್ನು ಕೊನೆಗೆ ಹಾಕಿ, ಪುಟ ತುಂಬಿದರೆ ಕತ್ತರಿಸಲು ಸುಲಭ.

ಷೇರು ಕೊಳ್ಳುವವರಿಗೆ

'50 ಡಾಲರ್ ಇದ್ದದ್ದು 30ಕ್ಕೆ ಸಿಗುತ್ತಿದೆ, ಇನ್ನೂ ಅಗ್ಗ' ಎಂಬ ಮಾತು 2021ರ ಜೂನ್‌ನಲ್ಲಿ ಬಹಳ ಕೇಳಿಬಂತು. ಲೆಕ್ಕ ಹಾಕಿ. 2020ರ ಆರಂಭದಲ್ಲಿ ಕಾರ್ನಿವಲ್‌ನ ಷೇರು ಸುಮಾರು 68 ಕೋಟಿ. 50ರಿಂದ ಗುಣಿಸಿದರೆ 3,400 ಕೋಟಿ ಡಾಲರ್. ಸಾಲ 1,150 ಕೋಟಿ. ನಗದು ಅಲ್ಪ. ಷೇರಿನ ಒಟ್ಟು ಬೆಲೆಗೆ ಸಾಲ ಕೂಡಿಸಿ ನಗದು ಕಳೆದರೆ ಇಡೀ ಕಂಪನಿಯ ಬೆಲೆ 4,500 ಕೋಟಿ ಆಸುಪಾಸು. ಒಂದೂವರೆ ವರ್ಷದ ನಂತರ ಷೇರು ಸುಮಾರು 113 ಕೋಟಿ. 30ರಿಂದ ಗುಣಿಸಿದರೆ ಮತ್ತೆ ಅದೇ 3,400 ಕೋಟಿ. ಸಾಲ 3,000 ಕೋಟಿಯ ಮಟ್ಟದಲ್ಲಿ, ನಗದು 900 ಕೋಟಿ ಚಿಲ್ಲರೆ. ಬೆಲೆ 5,400 ಕೋಟಿ ಮೀರಿತು. ಅಗ್ಗ ಎಂದು ಕೊಂಡವರು ಹಡಗು ಸರಿಯಾಗಿ ಓಡದ ಕಂಪನಿಗೆ ಕೋವಿಡ್‌ಗಿಂತ ಮೊದಲಿನ ಬೆಲೆಗಿಂತ ಹೆಚ್ಚು ಕೊಟ್ಟಂತಾಯಿತು. ಷೇರು ಸಂಖ್ಯೆ 10-ಕ್ಯೂದ ಮೊದಲ ಪುಟದಲ್ಲೇ ಇರುತ್ತದೆ. ನೋಡಲು ಒಂದು ನಿಮಿಷ ಸಾಕು.

ಇದೇ ಕಣ್ಣಿನಲ್ಲಿ ನಮ್ಮ ದೇಶದ್ದನ್ನೂ ನೋಡಿ. ಕಾರ್ಡೀಲಿಯಾ ಹಡಗು ನಡೆಸುವ ವಾಟರ್‌ವೇಸ್ ಲೀಷರ್ ಟೂರಿಸಂ 2025ರಲ್ಲಿ ಸೆಬಿಗೆ ಕರಡು ಪ್ರಾಸ್ಪೆಕ್ಟಸ್ (ಷೇರು ಮಾರುವ ಮುನ್ನ ಕೊಡುವ ವಿವರದ ಕಡತ) ಸಲ್ಲಿಸಿತು. ಅದು 2021ರ ಸೆಪ್ಟೆಂಬರ್‌ನಲ್ಲಿ ಯಾನ ಶುರುಮಾಡಿದ್ದು ಎಂಪ್ರೆಸ್ ಎಂಬ, 1990ರಲ್ಲಿ ಸೇವೆಗೆ ಬಂದ ಹಡಗಿನಲ್ಲಿ. ಇಂಥ ಕಡತದಲ್ಲಿ ರಿಸ್ಕ್ ಫ್ಯಾಕ್ಟರ್ಸ್ (ಅಪಾಯಗಳ ಪಟ್ಟಿ), ಗ್ರಾಹಕರ ಮುಂಗಡ, ಹಡಗಿನ ಗುತ್ತಿಗೆ ಬಾಧ್ಯತೆ, ಒಡೆಯರಿಗೆ ಸಂಬಂಧಿಸಿದ ಕಂಪನಿಗಳೊಂದಿಗಿನ ವಹಿವಾಟು ಈ ನಾಲ್ಕು ಭಾಗ ಓದಿ ಆಮೇಲೆ ಬಣ್ಣದ ಚಿತ್ರ ನೋಡಿ.

ಯಾನಕ್ಕೆ ಮುಂಗಡ ಕಟ್ಟುವವರಿಗೆ

ಕಂಪನಿ ಮುಳುಗಿದರೆ ಅಡಮಾನ ಹಿಡಿದವರು ಮೊದಲು, ನೀವು ಸಾಲಿನ ಕೊನೆಯಲ್ಲಿ. ಅಮೆರಿಕದ ಬಂದರಿನಿಂದ ಹೊರಡುವ ಯಾನಗಳಿಗೆ ಕಂಪನಿಗಳು ಅಲ್ಲಿನ ಸಾಗರ ಆಯೋಗಕ್ಕೆ ಜಾಮೀನು ಕೊಡಬೇಕು, ನಿಜ. ಆದರೆ 2020ರಲ್ಲಿ ಆ ಜಾಮೀನಿನ ಗರಿಷ್ಠ ಮಿತಿ ಒಂದು ಕಂಪನಿಗೆ 3.2 ಕೋಟಿ ಡಾಲರ್. ಕಾರ್ನಿವಲ್ ಕೈಯಲ್ಲಿದ್ದ 290 ಕೋಟಿ ಮುಂಗಡದ ಪಕ್ಕ ಇಟ್ಟು ನೋಡಿ. ಹಾಗಾಗಿ ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ, ಸೇವೆ ಸಿಗದಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡ್ ಕೊಟ್ಟ ಬ್ಯಾಂಕಿನ ಮೂಲಕ ಹಣ ವಾಪಸು, ಕೇಳಬಹುದು. ಏಜೆಂಟರ ಖಾತೆಗೆ ಯುಪಿಐ ಮಾಡಿದರೆ ಆ ದಾರಿ ಇಲ್ಲ. ಪೂರ್ತಿ ಹಣವನ್ನು ಕೊನೆಯ ಗಡುವಿನವರೆಗೂ ಕಟ್ಟಬೇಡಿ. ಪ್ರವಾಸ ವಿಮೆಯಲ್ಲಿ ಕಂಪನಿ ದಿವಾಳಿಯಾದರೆ ಪರಿಹಾರ ಉಂಟೇ ಎಂದು ಪಾಲಿಸಿಯಲ್ಲೇ ಓದಿ, ಬಾಯಿಮಾತಿಗೆ ಬೆಲೆಯಿಲ್ಲ. 125ರ ಕೂಪನ್ ಕೊಟ್ಟರೆ ಮೇಲಿನ ತಿಂಗಳುಗಳ ಲೆಕ್ಕ ಹಾಕಿ: ಕಂಪನಿಯ ಆಯುಸ್ಸು ಕೂಪನ್‌ನ ಅವಧಿಗಿಂತ ಕಡಿಮೆ ಕಂಡರೆ 100 ನಗದೇ ಕೇಳಿ.

ಹಡಗಿನ ಕೆಲಸಕ್ಕೆ ಹೊರಟವರಿಗೆ

2020ರ ಜೂನ್‌ನಲ್ಲಿ ಬ್ರಿಟನ್ನಿನ ಬಂದರುಗಳಲ್ಲಿ ಕ್ರೂಸ್ ಅಂಡ್ ಮಾರಿಟೈಮ್ ವಾಯೇಜಸ್‌ನ ಹಡಗುಗಳನ್ನು ಅಲ್ಲಿನ ಕರಾವಳಿ ಅಧಿಕಾರಿಗಳು ತಡೆಹಿಡಿದಾಗ ಒಳಗಿದ್ದ ಸಿಬ್ಬಂದಿಯಲ್ಲಿ ಭಾರತೀಯರು ಬಹಳ ಮಂದಿ. ಮರುತಿಂಗಳೇ ಕಂಪನಿ ಮುಗಿಯಿತು. ಆದ್ದರಿಂದ ಆಫರ್ ಲೆಟರ್ ಬಂದ ಕೂಡಲೇ ಸಂಬಳದ ಸಾಲು ನೋಡುವ ಮೊದಲು ಹೀಗೆ ಮಾಡಿ.

ಏಜೆಂಟರ ಆರ್‌ಪಿಎಸ್‌ಎಲ್ (ನಾವಿಕರನ್ನು ಕೆಲಸಕ್ಕೆ ಸೇರಿಸಲು ಬೇಕಾದ) ಪರವಾನಗಿ ಸಂಖ್ಯೆ ಕೇಳಿ, ನೌಕಾಯಾನ ಮಹಾನಿರ್ದೇಶನಾಲಯದ ತಾಣದ ಪಟ್ಟಿಯಲ್ಲಿ ಅದು ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರದ ಖರ್ಚಷ್ಟೇ ನಿಮ್ಮದು. ವೀಸಾ ಖರ್ಚು ಮಾಲೀಕರದ್ದು. ಲಕ್ಷಗಟ್ಟಲೆ ಕೇಳಿದರೆ ಆ ಕಚೇರಿಯ ಮೆಟ್ಟಿಲು ಇಳಿಯಿರಿ.

ಒಪ್ಪಂದದಲ್ಲಿ ನಿಮಗೆ ಸಂಬಳ ಕೊಡುವ ಕಂಪನಿಯ ಹೆಸರು, ಹಡಗಿನ ಹೆಸರು, ಅದರ ಬಾವುಟದ ದೇಶ ಬರೆದಿರಬೇಕು. ಆ ಕಂಪನಿಯ ಒಡೆಯರು ಷೇರುಪೇಟೆಯಲ್ಲಿದ್ದರೆ ಮೇಲಿನ ಆಯುಸ್ಸಿನ ಲೆಕ್ಕವನ್ನೇ ಹಾಕಿ. ಪೇಟೆಯಲ್ಲಿಲ್ಲದ ಚಿಕ್ಕ ಕಂಪನಿಯಾದರೆ ಎಷ್ಟು ಹಡಗು, ಸ್ವಂತದ್ದೋ ಗುತ್ತಿಗೆಯದ್ದೋ, ಈಚೆಗೆ ಯಾವ ಬಂದರಿನಲ್ಲಾದರೂ ತಡೆಹಿಡಿಯಲಾಗಿದೆಯೇ ಎಂದು ವಿಚಾರಿಸಿ.

ಹಡಗು ಹತ್ತಿದ ಮೇಲೆ ಮೆಸ್ ಅಥವಾ ಸಿಬ್ಬಂದಿ ಓಡಾಡುವ ಜಾಗದ ಗೋಡೆಯಲ್ಲಿ ಕಡಲ ಕಾರ್ಮಿಕ ಒಡಂಬಡಿಕೆಯ ಹಣಕಾಸು ಭದ್ರತೆಯ ಪ್ರಮಾಣಪತ್ರ ಹುಡುಕಿ, ಮೊಬೈಲಿನಲ್ಲಿ ಚಿತ್ರ ತೆಗೆದು ಮನೆಗೆ ಕಳಿಸಿ. ಅದರಲ್ಲಿ ವಿಮೆ ಕೊಟ್ಟವರ ಹೆಸರು, ಸಂಪರ್ಕ, ಅವಧಿ ಇರುತ್ತದೆ. 2017ರ ಜನವರಿಯಿಂದ ಜಾರಿಯಲ್ಲಿರುವ ಈ ನಿಯಮದಂತೆ ಮಾಲೀಕರು ಎರಡು ತಿಂಗಳು ಸಂಬಳ ಕೊಡದೆ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಮತ್ತು ಊರಿಗೆ ಮರಳುವ ಖರ್ಚನ್ನು ಆ ವಿಮೆ ಭರಿಸಬೇಕು. ನಾಲ್ಕು ತಿಂಗಳಿಗಿಂತ ಹೆಚ್ಚಿನ ಬಾಕಿಗೆ ಈ ರಕ್ಷಣೆ ಇಲ್ಲ. ಎರಡನೇ ಸಂಬಳ ತಪ್ಪಿದ ದಿನವೇ ಸಂಬಳದ ಚೀಟಿ, ಒಪ್ಪಂದದ ಪ್ರತಿ, ಪ್ರಮಾಣಪತ್ರದ ಚಿತ್ರ ಮೂರನ್ನೂ ಸೇರಿಸಿ ವಿಮೆಯವರಿಗೂ ನೌಕಾಯಾನ ಮಹಾನಿರ್ದೇಶನಾಲಯಕ್ಕೂ ಬಂದರಿನ ಐಟಿಎಫ್ (ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ) ಇನ್‌ಸ್ಪೆಕ್ಟರಿಗೂ ಮೇಲ್ ಮಾಡಿ.